ವೈರಸ್ ಹೋದ ಮೇಲೆ

ಬೇನಜೀರ ಊಟದ ತಟ್ಟೆ ಎಸೆದದ್ದು ಹಾಡಹಗಲಿನಲ್ಲಿ, ಬಾಗಿಲು ತೆರೆದಿದ್ದಾಗಲೇ. ಅನ್ನ, ಬೇಳೆಸಾರು, ಮೊಟ್ಟೆ ಪಲ್ಯ ಎಲ್ಲವೂ ಓಣಿಯ ಕಾಂಕ್ರೀಟಿನ ಮೇಲೆ ಚೆಲ್ಲಾಡಿದವು. ತಟ್ಟೆ ಉರುಳಿಕೊಂಡು ಹೋಗಿ ಎದುರುಮನೆ ಕರೆವ್ವನ ಕಟ್ಟೆಗೆ ಬಡಿದು ನಿಂತಿತು. ಕರೆವ್ವ ಹೊರಗೆ ಬಂದಳು. ಅಕ್ಕಪಕ್ಕದ ಬಾಗಿಲುಗಳೂ ಒಂದೊಂದಾಗಿ ತೆರೆದವು.

“ಇದರಾಗ ವಿಷಾ ಐತಿ! ದಿನಾ ಒಂಚೂರು ಹಾಕಾಕತ್ತಾಳ ಈಕಿ. ನೋಡ್ರಿ, ಎಲ್ಲಾರೂ ನೋಡ್ರಿ!” ಎಂದು ಬೇನಜೀರ ಹೊಸ್ತಿಲ ಮೇಲೆ ನಿಂತು ಕೂಗಿದಳು. ಅವಳು ಬೆರಳು ಮಾಡಿ ತೋರಿಸಿದ್ದು ಅತ್ತೆ ಮಹಮೂದಾಬೇಗಂಳನ್ನು.

ಮಹಮೂದಾ ಸೌಟು ಹಿಡಿದುಕೊಂಡೇ ನಿಂತುಬಿಟ್ಟಳು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಲು ಕೂರುವ ಹೆಂಗಸರ ನಡುವೆ ಅವಳ ಬಾಯಿ ಹೆಸರುವಾಸಿಯಾಗಿತ್ತು. ನಳದ ನೀರಿನ ಸರದಿಗೆ, ತೂಕದ ಮೋಸಕ್ಕೆ, ಕೋಳಿ ಅಂಗಳಕ್ಕೆ ಬಂದದ್ದಕ್ಕೆ, ಯಾವುದಕ್ಕೂ ಅವಳು ಬಿಟ್ಟುಕೊಟ್ಟವಳಲ್ಲ. ಆದರೆ ಆ ಮಧ್ಯಾಹ್ನ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಮಾತು ಹೊರಡಲಿಲ್ಲ ಎನ್ನುವುದೇ ಓಣಿಗೆ ಸಾಕಾಯಿತು. ತಪ್ಪಿಲ್ಲದಿದ್ದರೆ ಮಹಮೂದಾ ಸುಮ್ಮನಿರುವ ಹೆಂಗಸೇ?

ಬೇನಜೀರ ಆಸ್ಪತ್ರೆಯಿಂದ ಮನೆಗೆ ಬಂದು ಆಗ ತಿಂಗಳೂ ಆಗಿರಲಿಲ್ಲ.

ಕರ್ಜಗಿಯ ಮಲ್ಲಿಕಸಾಬನ ಮಗಳು ಅವಳು. ಮಾರುಕಟ್ಟೆಯ ಒಂದು ದಲಾಲಿ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಟೆಂಡರಿನ ದರ ತುಂಬುವ ಕೆಲಸ. ಮಿತಭಾಷಿ, ಅತ್ತೆಯ ಬಾಯಿಗೆ ಎದುರು ಮಾತಾಡದೆ ನಕ್ಕು ಜಾರಿಕೊಳ್ಳುವ ಜಾಣೆ. ಮಳೆಗಾಲ ಮುಗಿಯುವ ಹೊತ್ತಿಗೆ ಜ್ವರ ಬಂತು, ಜೊತೆಗೆ ತಡೆಯಲಾರದ ತಲೆನೋವು. ಒಂದು ಬೆಳಿಗ್ಗೆ ಚಮಚ ಬೇಕಾದಾಗ “ಕೀಲಿಕೈ ಕೊಡ್ರಿ” ಅಂದಳು. ಮಗಳು ಸಿಮ್ರಾನಳನ್ನು ತನ್ನ ತಂಗಿಯ ಹೆಸರಿನಿಂದ ಕರೆದಳು. ಜ್ವರದ ಬಡಬಡಿಕೆ ಅಂದುಕೊಳ್ಳುವಷ್ಟರಲ್ಲಿ ಕೈಕಾಲು ಸೆಟೆದು, ಕಣ್ಣು ಮೇಲಾಗಿ, ಬಚ್ಚಲ ಬಳಿ ಬಿದ್ದಳು.

ಹಾವೇರಿಯ ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರ್ ಮೇಧಾ ತಲೆಯ ಚಿತ್ರ ತೆಗೆಸಿದರು, ಬೆನ್ನುಹುರಿಯ ನೀರು ಪರೀಕ್ಷೆಗೆ ಕಳಿಸಿದರು. ತುಟಿಯ ಮೇಲೆ ಸಣ್ಣ ಗುಳ್ಳೆ ಎಬ್ಬಿಸಿ ಹೋಗುವ ಜಾತಿಯ ವೈರಸ್ಸು. ಎಷ್ಟೋ ಜನರ ಮೈಯಲ್ಲಿ ಸದ್ದಿಲ್ಲದೆ ಇದ್ದುಬಿಡುವಂಥದ್ದು, ಬೇನಜೀರಳಲ್ಲಿ ಮಾತ್ರ ಮೆದುಳಿಗೆ ಏರಿತ್ತು. ವಾರಗಟ್ಟಲೆ ಡ್ರಿಪ್ಪಿನಲ್ಲಿ ಔಷಧಿ ಹೋಯಿತು. ಅವಳು ಎದ್ದು ಕೂತಳು, ನಡೆದಳು, ಗಂಡನ ಹೆಸರು ಹೇಳಿದಳು. ಮನೆಗೆ ಕರೆತಂದ ದಿನ ಮಹಮೂದಾಳೇ ಓಣಿಗೆಲ್ಲ ಪೇಡೆ ಹಂಚಿದ್ದಳು.

ಆಮೇಲೆ ಶುರುವಾಯಿತು ಈ ತಳಮಳ. ಬೇನಜೀರಳಿಗೆ ಕೂತಲ್ಲಿ ಕೂರಲಾಗದು. ಬಾಗಿಲಿನಿಂದ ಬಚ್ಚಲಿಗೆ, ಬಚ್ಚಲಿನಿಂದ ಬಾಗಿಲಿಗೆ ತಿರುಗುವಳು. ಮಡಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಚುವಳು. ನಿದ್ದೆ ಎಂಬುದೇ ಇಲ್ಲ. ಗೋಡೆಯಾಚೆ ಯಾರೋ ತನ್ನ ಬಗ್ಗೆ ಮಾತಾಡುತ್ತಾರೆ ಎಂದು ಕಿವಿಗೊಟ್ಟು ನಿಲ್ಲುವಳು. ಸಿಮ್ರಾನಳ ಬಾಯಿಂದ ತುತ್ತು ಕಿತ್ತು ಬಿಸಾಡುವಳು. ಮಗು ಹೆದರಿ ಕರೆವ್ವನ ಮನೆಯಲ್ಲೇ ಉಣ್ಣತೊಡಗಿತ್ತು.

ಆ ಸಂಜೆ ಬೇನಜೀರಳ ಗಂಡ ನಯಾಜ ರಾಣೆಬೆನ್ನೂರಿನಿಂದ ಬಂದ. ಅಲ್ಲಿನ ಬೀಜದ ಅಂಗಡಿಯೊಂದರಲ್ಲಿ ಅವನಿಗೆ ಕೆಲಸ. ಓಣಿಯ ತುದಿಯಲ್ಲೇ ಯಾರೋ ಸುದ್ದಿ ಮುಟ್ಟಿಸಿದ್ದರು. ಚಪ್ಪಲಿ ಬಿಡುವಾಗ ಅವನು ತಾಯಿಯ ಮುಖ ನೋಡಿದ. ಒಂದು ಗಳಿಗೆ ಅಷ್ಟೇ. ಆದರೆ ಆ ನೋಟದಲ್ಲಿ ಪ್ರಶ್ನೆಯಿತ್ತು.

“ಅಮ್ಮಿ, ಆಕಿ ಊಟದಾಗ ಏನರ ಬೆರಸಿದ್ದೇನು? ಯಾರರ ಪುಡಿ-ಗಿಡಿ ಕೊಟ್ಟಿದ್ರೇನು, ನಿದ್ದಿ ಬರಲಿ ಅಂತ?”

“ಏನಂದಿ?”

“ಸಿಟ್ಟಾಗಬ್ಯಾಡ. ಕೇಳಾಕತ್ತೇನಿ ಅಷ್ಟ.”

“ಕೇಳೂದನ್ನ ಕೇಳಿಬಿಟ್ಟಿ, ಇನ್ನ ಅಷ್ಟ ಇಷ್ಟ ಏನ ಉಳೀತು?” ಎಂದು ಮಹಮೂದಾ ಅಡುಗೆಮನೆಗೆ ಹೋದಳು. ಚೊಂಬು ತೊಳೆದಳು, ತೊಳೆದದ್ದನ್ನೇ ಮತ್ತೆ ತೊಳೆದಳು.

ನಯಾಜ ಹೆಂಡತಿಯನ್ನು ರಾಣೆಬೆನ್ನೂರಿಗೆ ಕರೆದೊಯ್ದು ಪರಿಚಯದ ಡಾಕ್ಟರೊಬ್ಬರಿಗೆ ತೋರಿಸಿದ. ದೊಡ್ಡ ಜಡ್ಡಿನಿಂದ ಎದ್ದವರಿಗೆ ಮನಸ್ಸು ಹೀಗೆ ಚಂಚಲವಾಗುತ್ತದೆ ಎಂದು ಹೇಳಿ ಅವರು ಗುಳಿಗೆ ಬರೆದುಕೊಟ್ಟರು. ಗುಳಿಗೆ ತೆಗೆದುಕೊಂಡರೂ ನಿದ್ದೆ ಬರಲಿಲ್ಲ. ಬದಲಿಗೆ ಮೈ ಬಿರುಸಾಯಿತು, ನಡಿಗೆ ಕಟ್ಟಿಗೆಯಂತಾಯಿತು, ಆದರೂ ತಿರುಗಾಟ ನಿಲ್ಲಲಿಲ್ಲ. ಆಗಲೇ ಮಹಮೂದಾ ಇನ್ನೊಂದನ್ನು ಕಂಡಳು. ಬೇನಜೀರಳ ತುಟಿಗಳು ಏನನ್ನೋ ಜಗಿಯುವಂತೆ ಸದಾ ಆಡುತ್ತಿದ್ದವು, ಬಾಯಲ್ಲಿ ಏನೂ ಇಲ್ಲದಿದ್ದರೂ. ಎಡಗೈ ಬೆರಳುಗಳು ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದವು. ತಡೆದು ಹಿಡಿದರೆ ಒಂದಿಷ್ಟು ಹೊತ್ತು ನಿಂತು ಮತ್ತೆ ಶುರು.

“ಇದು ಮನಸಿನ ಜಡ್ಡಲ್ಲ. ಹಾವೇರಿಗೆ ಹೋಗೂಣು,” ಎಂದಳು ಮಗನಿಗೆ.

“ವೈರಸ್ ಹೋಗೈತಿ ಅಂತ ಅವರ ಹೇಳಿ ಕಳಿಸ್ಯಾರಲ್ಲ, ಅಮ್ಮಿ. ಮತ್ತ ಯಾಕ?”

ಮಗನ ಆ ಮಾತಿನ ಬೆನ್ನಿಗೇ ಮಲ್ಲಿಕಸಾಬ ಕರ್ಜಗಿಯಿಂದ ಬೈಕಿನಲ್ಲಿ ಬಂದ. ಸುದ್ದಿ ಅವನಿಗೂ ಮುಟ್ಟಿತ್ತು. ಬೇನಜೀರ ಅಪ್ಪನನ್ನು ಕಂಡವಳೇ ಓಡಿಹೋಗಿ ಅವನ ತೋಳು ಹಿಡಿದು, “ಅಬ್ಬಾ, ಈಕಿ ನನ್ನ ಕೊಲ್ಲಾಕತ್ತಾಳ,” ಎಂದಳು. ಎತ್ತರದ, ಗಂಭೀರ ಮುಖದ ಆ ಮನುಷ್ಯನ ಗಡ್ಡ ಅದುರಿತು.

“ಆಪಾ, ನನ್ನ ಮಗಳನ್ನ ನಾ ಕರಕೊಂಡು ಹೊಂಟೇನಿ,” ಎಂದ ಮಹಮೂದಾಳಿಗೆ. “ಅಲ್ಲಿ ಆಕಿ ತಾಯಿ ಅದಾಳ. ಹಿರೇರು ಒಬ್ಬರ ದುವಾ ಓದಿ ಮೈಮ್ಯಾಲ ಊದತಾರ, ಅವರ ಕಡೆ ತೋರಸ್ತೀನಿ.”

“ಓದಿಸ್ರಿ ಭಾಯಿ, ಬ್ಯಾಡ ಅನ್ನೂದಿಲ್ಲ. ಖರೇ, ಮೊದಲ ದವಾಖಾನಿಗೆ ಒಯ್ರಿ. ಆಕಿ ಬಾಯಿ ನೋಡ್ರಿ, ಕೈ ನೋಡ್ರಿ. ಜಡ್ಡು ಇನ್ನೂ ತಲಿಯಾಗ ಐತಿ.”

“ನಿಮ್ಮ ಕೈ ಊಟ ಬಿಟ್ರ ಜಡ್ಡು ತಾನ ಹೊಕ್ಕೈತಿ,” ಎಂದ ಮಲ್ಲಿಕಸಾಬ. ಹೇಳಬಾರದ್ದು ಹೇಳಿದೆ ಎಂಬುದು ಅವನಿಗೂ ಗೊತ್ತಾಯಿತು. ಆದರೆ ಆಡಿದ ಮಾತು ಆಡಿಯಾಗಿತ್ತು. ನಯಾಜ ನೆಲ ನೋಡುತ್ತ ನಿಂತಿದ್ದ. ತಾಯಿಯ ಪರವಾಗಿ ಅವನು ಬಾಯಿ ಬಿಡುತ್ತಾನೆಂದು ಮಹಮೂದಾ ಕಾದಳು. ಅವನು ಕಾರು ಗೊತ್ತುಮಾಡಲು ಹೊರಗೆ ಹೋದ.

ಸಿಮ್ರಾನ ಅಜ್ಜಿಯ ಬಳಿಯೇ ಉಳಿಯಿತು, ಆದರೂ ಮನೆ ಖಾಲಿಯೆನಿಸಿತು. ಈಗ ಕೂರಲಾಗದ ಸರದಿ ಮಹಮೂದಾಳದು. ಬಾಗಿಲಿಗೆ ಬಂದರೆ ಎದುರುಬದುರು ಮನೆಯವರು ಮಾತು ನಿಲ್ಲಿಸುವರು. ಒಳಗೆ ಹೋದರೆ ಸೊಸೆಯ ಬಟ್ಟೆಗಳು ಅರ್ಧ ಮಡಚಿ ಬಿದ್ದಿರುವುದು ಕಾಣುವುದು. ಕೆಲಸಕ್ಕಾದರೂ ಹೋಗೋಣವೆಂದು ಮಾರುಕಟ್ಟೆಗೆ ಹೋದಳು. ಕಾಯಿಯ ರಾಶಿಯ ಮುಂದೆ ಕೂತು ತುಂಬು ಬಿಡಿಸುವಾಗ ಕೈ ತಾನೇ ಓಡಿತು, ತಲೆ ಕರ್ಜಗಿಯಲ್ಲಿತ್ತು. ಊಟದ ಹೊತ್ತಿಗೆ ಹೆಂಗಸರು ಎಂದಿನಂತೆ ದುಂಡಗೆ ಕೂತು ಬುತ್ತಿ ಬಿಚ್ಚಿದರು. ಮಹಮೂದಾಳ ಶೇಂಗಾ ಚಟ್ನಿಗೆ ಮುಗಿಬೀಳುವ ಮಂದಿ ಅವರು. ಅಂದು ಚಟ್ನಿಯ ಡಬ್ಬಿಗೆ ಯಾರೂ ಕೈ ಹಾಕಲಿಲ್ಲ. ಒಬ್ಬಳು ಹಲ್ಲುನೋವು ಅಂದಳು. ಇನ್ನೊಬ್ಬಳು ಎದ್ದು ನೀರಿಗೆ ಹೋದಳು. ಅವರ ನಡುವೆಯೇ ಕೂತಿದ್ದ ಕರೆವ್ವ ಡಬ್ಬಿಯನ್ನು ನೋಡಿದಳು, ಮಹಮೂದಾಳನ್ನು ನೋಡಿದಳು, ಆಮೇಲೆ ರೊಟ್ಟಿಯ ಚೂರು ಮುರಿದು ಚಟ್ನಿ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡಳು.

“ಒಂಚೂರು ಉಪ್ಪು ಮುಂದ ಐತಿ,” ಎಂದಳು.

ಕರೆವ್ವ ಹೆದರಿಕೊಂಡೇ ತಿಂದದ್ದು ಎಂದು ಮಹಮೂದಾಳಿಗೆ ಕಂಡಿತ್ತು. ಹೆದರಿಯೂ ತಿಂದಳಲ್ಲ ಎಂದು ಡಬ್ಬಿಯನ್ನು ಅವಳ ಕಡೆಗೆ ಇನ್ನಷ್ಟು ಸರಿಸಿದಳು.

ಕೆಲವು ದಿನ ಕಳೆದು ಮಲ್ಲಿಕಸಾಬನ ಫೋನ್ ಬಂತು. ಮೊದಲು ಅವನ ದನಿಯೇ ಗುರುತು ಸಿಗಲಿಲ್ಲ.

“ಆಪಾ, ಆಕಿ ತಾಯಿ ಕೈಯಾಗಿನ ಹಾಲು ಚೆಲ್ಲಿದ್ಲು. ಇವತ್ತ ನನಗೂ ಅಂದ್ಲು, ಅಬ್ಬಾ, ನೀನೂ ಹಾಕೀದಿ ಅಂತ. ಮೈ ಕಾಯಾಕತ್ತೈತಿ. ಈಗ ಮಾತು ನಿಂತೈತಿ, ಬಾಯಿ ಅಷ್ಟ ಆಡತೈತಿ.” ಅವನು ಉಸಿರು ಎಳೆದುಕೊಂಡ. “ನಾ ಏನ ಮಾಡ್ಲಿ?”

ಬೈಯಬೇಕೆಂದು ಕೂಡಿಟ್ಟ ಮಾತುಗಳು ಮಹಮೂದಾಳ ಬಳಿ ಬೇಕಾದಷ್ಟಿದ್ದವು. ಒಂದೂ ಆಡಲಿಲ್ಲ. “ಲಗೂ ಹಾವೇರಿಗೆ ಒಯ್ರಿ. ನಾನೂ ಹೊಂಟೆ,” ಎಂದು ಸಿಮ್ರಾನಳನ್ನು ಕರೆವ್ವನಿಗೆ ಒಪ್ಪಿಸಿ ಬಸ್‌ಸ್ಟ್ಯಾಂಡಿಗೆ ನಡೆದಳು. ರಾಣೆಬೆನ್ನೂರಿನಿಂದ ನಯಾಜ ನೇರವಾಗಿ ಬರುವವನಿದ್ದ. ಬಸ್ಸು ಹೊರಡುವವರೆಗೂ ಅವಳು ಸೀಟಿನಲ್ಲಿ ಕೂರದೆ ಬಾಗಿಲ ಕಂಬ ಹಿಡಿದು ನಿಂತಿದ್ದಳು, ತಾನು ಕೂತರೆ ಬಸ್ಸೂ ನಿಂತುಬಿಡುತ್ತದೆ ಎನ್ನುವ ಹಾಗೆ.

ಡಾಕ್ಟರ್ ಮೇಧಾ ಬೇನಜೀರಳ ಬಾಯಿಯನ್ನೂ ಬೆರಳುಗಳನ್ನೂ ಬಹಳ ಹೊತ್ತು ನೋಡಿದರು. ಹಾವೇರಿಯಲ್ಲೇ ಹುಟ್ಟಿ ಬೆಳೆದ ಹೆಣ್ಣುಮಗಳು, ನಲವತ್ತರ ಆಚೀಚೆ, ಮಾತಿನಲ್ಲಿ ಅವಸರವಿಲ್ಲ. ಬೆನ್ನುಹುರಿಯ ನೀರು ತೆಗೆದು, ಒಂದು ಪಾಲು ಆಸ್ಪತ್ರೆಯದೇ ಲ್ಯಾಬಿಗೆ, ಒಂದು ಪಾಲು ಬೆಂಗಳೂರಿಗೆ ಕಳಿಸಿದರು. ಮರುದಿನ ಮೂವರನ್ನೂ ತಮ್ಮ ಕೋಣೆಗೆ ಕರೆದರು.

“ನೀರಿನಾಗ ವೈರಸ್ ಇಲ್ಲ,” ಎಂದರು.

“ಇಲ್ಲ ಅಂದ್ರ?” ನಯಾಜ ಕುರ್ಚಿಯಿಂದ ಎದ್ದೇಬಿಟ್ಟ. “ಮತ್ತ ಈಕಿಗೆ ಏನಾಗೈತ್ರಿ? ಹೋದ ಸಲದ ಡ್ರಿಪ್ಪೇ ಹಚ್ರಿ, ಅದರಿಂದ ಆರಾಮ ಆಗಿತ್ತಲ್ರಿ.”

“ಕುಂದ್ರಿ, ಹೇಳ್ತೀನಿ. ವೈರಸ್ ನರಕಣದೊಳಗ ಹೊಕ್ಕು ಅದನ್ನ ಒಡೀತದ. ಮೆದುಳಿನಾಗ ಕಾಯೋ ಜೀವಕಣ ಅವ, ಮೈಕ್ರೋಗ್ಲಿಯಾ ಅಂತೀವಿ. ಹುಟ್ಟೋದಕ್ಕಿಂತ ಮೊದಲ ಅಲ್ಲಿ ಬಂದು ನೆಲಿಸಿರ್ತಾವ. ಸುತ್ತಲೂ ಕೈ ಚಾಚಿ ಸದಾ ತಡವಿ ನೋಡ್ತಿರ್ತಾವ. ವೈರಸ್ ಬಂದದ್ದು ಗೊತ್ತಾದ ಕೂಡಲೇ ಅಲ್ಲಿಗೆ ಹೋಗ್ತಾವ, ಸತ್ತ ಕಣ ನುಂಗ್ತಾವ, ರಕ್ತದಾಗಿನ ಉಳಿದ ಕಾವಲು ಕಣಗಳನ್ನೂ ಕರೀತಾವ. ಒಮ್ಮೊಮ್ಮೆ ವೈರಸ್ ಈ ಕಾಯೋ ಕಣದೊಳಗೂ ಹೊಗ್ತದ. ಅಲ್ಲಿ ಅದಕ್ಕ ಬೆಳೀಲಿಕ್ಕೆ ಅಷ್ಟು ಸಲೀಸಿಲ್ಲ, ಆದ್ರ ಕಣ ಮಾತ್ರ ಇನ್ನಷ್ಟು ರೊಚ್ಚಿಗೇಳ್ತದ.”

“ಅವು ಇರೂದಾ ಕಾಯಾಕ ಅಂದ್ರ, ಚಲೋ ಆತಲ್ರಿ,” ಎಂದ ಮಲ್ಲಿಕಸಾಬ.

“ಅವು ಇಲ್ಲದಿದ್ರ ನಿಮ್ಮ ಮಗಳು ಮೊದಲ ವಾರನೇ ಉಳೀತಿದ್ದಿಲ್ಲ. ಆದ್ರ ಈಗ ವೈರಸ್ ಹೋದ ಮ್ಯಾಲೂ ಕೆಲವರೊಳಗ ಈ ಹೊಡೆದಾಟ ನಿಲ್ಲೂದಿಲ್ಲ. ಒಡೆದ ನರಕಣದ ಚೂರು ನೋಡಿ ನೋಡಿ, ಮೈ ಅದನ್ನೂ ವೈರಿ ಅಂತ ಕಲತುಬಿಡ್ತದ. ಆಮ್ಯಾಲ ಚಲೋ ಇರೋ ನರಕಣದ ಮ್ಯಾಲೇ ಬೀಳ್ತದ. ಈಕಿಗೂ ಅದೇ ಆಗ್ಯದ ಅಂತ ನನಗ ಅನಸ್ತದ. ನಿದ್ದಿ ಇಲ್ಲದ್ದು, ಬಾಯಿ ಆಡೂದು, ಊಟದಾಗ ವಿಷ ಕಾಣೂದು, ಎಲ್ಲಾ ಅದರದೇ.”

ಊಟದ ಮಾತು ಬಂದಾಗ ಮಲ್ಲಿಕಸಾಬ ಮಹಮೂದಾಳ ಕಡೆ ನೋಡಲಿಲ್ಲ. ಕಿಟಕಿಯ ಕಡೆ ನೋಡಿದ.

“ಈಗ ಔಷಧ ಏನ್ರಿ?” ನಯಾಜ ಕೇಳಿದ.

“ಆ ಕಾವಲನ್ನ ತಣ್ಣಗ ಮಾಡೂದು. ಮೈಯಾಗಿನ ರೋಗ ತಡಿಯೋ ಶಕ್ತಿನ ಕೆಲವು ದಿನ ತಗ್ಗಸಬೇಕು. ದೊಡ್ಡ ಪ್ರಮಾಣದಾಗ ಸ್ಟಿರಾಯ್ಡ್ ಕೊಡ್ತೀವಿ.”

“ತಗ್ಗಸೂದಾ?” ಮಲ್ಲಿಕಸಾಬನ ದನಿ ಏರಿತು. “ಈಕಿ ಮೈಯಾಗ ಆ ವೈರಸ್ ಒಂದು ಮೂಲ್ಯಾಗ ಮಲಗಿರತೈತಿ, ಪೂರ್ತಿ ಸಾಯಂಗಿಲ್ಲ ಅಂತ ನೀವ ಹೇಳಿದ್ರಿ. ಕಾಯೋರನ್ನ ಮಲಗಿಸಿದ್ರ ಅದು ಏಳಂಗಿಲ್ಲೇನ್ರಿ?”

“ಏಳಬಹುದು,” ಎಂದರು ಮೇಧಾ. “ಸುಳ್ಳು ಹೇಳೂದಿಲ್ಲ. ಅದಕ್ಕ ವೈರಸ್ಸಿನ ಔಷಧನೂ ಜೋಡಿ ಕೊಡ್ತೀನಿ. ದಿನಾ ನೋಡ್ತೀನಿ.”

“ಬೆಂಗಳೂರಿನ ರಿಪೋರ್ಟ್ ಬರಲಿ, ಆಮ್ಯಾಲ ಮಾಡೂಣ್ರಿ,” ಎಂದ ನಯಾಜ.

“ಬರ್ಲಿಕ್ಕೆ ಇನ್ನೂ ಹೊತ್ತದ. ಅಲ್ಲಿ ತನಕ ಒಳಗ ಹಾನಿ ಆಗ್ತನೇ ಇರ್ತದ. ನಾ ಒತ್ತಾಯ ಮಾಡೂದಿಲ್ಲ. ನೀವು ಕೂಡಿ ಮಾತಾಡ್ರಿ.”

ನಯಾಜ ಮೊಣಕಾಲು ಅಲುಗಿಸುತ್ತಿದ್ದ, ಕುರ್ಚಿಯೇ ನಡುಗುತ್ತಿತ್ತು. ಅದುವರೆಗೆ ಬಾಯಿ ಬಿಡದ ಮಹಮೂದಾ ಸೆರಗು ಸರಿಮಾಡಿಕೊಂಡು ಕೇಳಿದಳು:

“ಡಾಕ್ಟರವ್ರ, ಈಗ ತಗ್ಗಿಸಿದ ಶಕ್ತಿ ಆಮ್ಯಾಲ ಹೊಳ್ಳಿ ಬರತೈತೇನ್ರಿ?”

“ಬರ್ತದ.”

“ಈಗ ಬಿಟ್ರ ಕೆಡೋ ತಲಿ?”

“ಎಲ್ಲಾ ಹೊಳ್ಳಿ ಬರೂದಿಲ್ಲ,” ಎಂದರು ಮೇಧಾ.

ಮಹಮೂದಾ ಮಗನ ಕಡೆ ತಿರುಗಿದಳು. “ನಯಾಜ, ಕೊಡ್ಲಿ ಅನ್ನು.”

ನಯಾಜ ಮಾವನ ಮುಖ ನೋಡಿದ. ಮಲ್ಲಿಕಸಾಬ ಟೋಪಿ ತೆಗೆದು ತಲೆ ಒರೆಸಿಕೊಂಡು ಮತ್ತೆ ಹಾಕಿಕೊಂಡ. ಬೇಡ ಎನ್ನಲಿಲ್ಲ. ನಯಾಜ ಒಪ್ಪಿಗೆ ಕೊಟ್ಟ.

ಔಷಧ ಶುರುವಾಯಿತು. ಮಹಮೂದಾಳಿಗೆ ಮಾತ್ರ ಒಳಗೆ ಹೋಗುವ ಹಾಗಿರಲಿಲ್ಲ. ಅವಳ ನೆರಳು ಕಂಡರೂ ಬೇನಜೀರ ಸೂಜಿ ಕಿತ್ತುಕೊಳ್ಳಲು ನೋಡುತ್ತಿದ್ದಳು. ಹಾಗಾಗಿ ವಾರ್ಡಿನ ತಿರುವಿನಲ್ಲಿ, ಬಾಗಿಲಿನಿಂದ ಕಾಣದ ಬೆಂಚಿನ ಮೇಲೆ ಕೂತಳು. ಕೂತಳು ಎನ್ನುವುದು ಮಾತಿಗೆ. ನರ್ಸ್ ಹೋದರೆ ಏಳುವಳು, ಸ್ಟ್ರೆಚರ್ ಬಂದರೆ ಏಳುವಳು, ಒಳಗೆ ಸದ್ದಾದರೆ ಗೋಡೆಗೆ ಒತ್ತಿ ನಿಂತು ಕೇಳುವಳು. ಮೊದಲ ದಿನಗಳಲ್ಲಿ ಏನೂ ಬದಲಾಗಲಿಲ್ಲ. ಬದಲಾಗಿದ್ದರೆ ಕೆಟ್ಟದ್ದಕ್ಕೇ. ಬೇನಜೀರಳ ಕೂಗು ಹೆಚ್ಚಾಯಿತು, ಕೈಗಳನ್ನು ಬಟ್ಟೆಯಿಂದ ಹಗುರಾಗಿ ಕಟ್ಟಬೇಕಾಯಿತು. ನಯಾಜ ಹೊರಗೆ ಬಂದು, “ತಪ್ಪು ಮಾಡಿದ್ವೇನ ಅಮ್ಮಿ?” ಎನ್ನುವನು. “ಗೊತ್ತಿಲ್ಲ,” ಎನ್ನುವಳು ಅವಳು. ಕೊಡಲಿ ಎಂದವಳು ತಾನೇ. ಕೆಟ್ಟರೆ ವಿಷ ಹಾಕಿದವಳು ಎಂಬ ಮಾತು ಈಗ ನಿಜವಾಗಿಬಿಡುತ್ತದೆ ಎಂಬ ಹೆದರಿಕೆ ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕೂತಿತ್ತು.

ಒಂದು ಬೆಳಿಗ್ಗೆ ಮಲ್ಲಿಕಸಾಬ ಕಾಗದದ ಕಪ್ಪಿನಲ್ಲಿ ಚಹಾ ತಂದು ಅವಳ ಕೈಗಿಟ್ಟು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತ.

“ಆಪಾ, ನಾ ಅವತ್ತ ಆಡಿದ ಮಾತು...”

“ಚಹಾ ಆರತೈತಿ, ಕುಡೀರಿ ಭಾಯಿ.”

“ಅಲ್ರಿ, ನಾ ಹಂಗ ಅನಬಾರದಿತ್ತು.”

“ಅನಬಾರದಿತ್ತು,” ಎಂದಳು ಮಹಮೂದಾ. “ಖರೇ, ನನ್ನ ಮಗಳು ನಿಮ್ಮ ಮನ್ಯಾಗ ಹಿಂಗ ಅಂದಿದ್ರ ನಾ ನಿಮ್ಮನ್ನ ಸುಮ್ಮನ ಬಿಡತಿದ್ದೆ ಅಂತ ತಿಳಕೊಂಡೀರೇನು?”

ಮಲ್ಲಿಕಸಾಬನ ಮುಖದಲ್ಲಿ ಬಹಳ ದಿನಗಳ ನಂತರ ನಗುವಿನಂಥದ್ದೊಂದು ಸುಳಿಯಿತು. ಇಬ್ಬರೂ ಚಹಾ ಕುಡಿದರು.

ಬೆಂಗಳೂರಿನ ರಿಪೋರ್ಟ್ ಬಂದಾಗ ಮೇಧಾ ಹೇಳಿದ್ದೇ ಆಗಿತ್ತು. ಆಮೇಲೆ ರಕ್ತದೊಳಗಿನ ಹಾಳು ಅಂಶ ಸೋಸಿ ತೆಗೆಯುವ ಚಿಕಿತ್ಸೆಯೂ ನಡೆಯಿತು. ಒಂದು ಮಧ್ಯಾಹ್ನ ನಯಾಜ ಓಡುತ್ತ ಬಂದ. ಮಹಮೂದಾ ಬೆಂಚಿನಿಂದ ಎದ್ದಳು.

“ಮಲಗ್ಯಾಳ ಅಮ್ಮಿ. ನಿದ್ದಿ ಹತ್ತೈತಿ. ತಾನ ಮಲಗ್ಯಾಳ!”

ಮಹಮೂದಾ ಚಪ್ಪಲಿ ಕೈಯಲ್ಲಿ ಹಿಡಿದು ಮೊದಲ ಸಲ ಒಳಗೆ ಹೋದಳು. ಸೊಸೆಯ ತುಟಿಗಳು ನಿಂತಿದ್ದವು. ಬೆರಳು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಆ ಕೈ ಮತ್ತೆ ಅಲುಗುತ್ತದೇನೋ ಎಂದು ಅವಳು ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ಬೇನಜೀರ ಏಳುವ ಮೊದಲೇ ಹೊರಗೆ ಬಂದುಬಿಟ್ಟಳು.

ಗುಣವಾಗುವುದು ನಿಧಾನವಾಗಿ ನಡೆಯಿತು, ಎರಡು ಹೆಜ್ಜೆ ಮುಂದೆ, ಒಂದು ಹಿಂದೆ. ಮನೆಗೆ ಬಂದ ಮೇಲೂ ಬೇನಜೀರ ಒಲೆ ಹಚ್ಚಿ ಯಾಕೆ ಹಚ್ಚಿದೆ ಎಂದು ನಿಲ್ಲುತ್ತಿದ್ದಳು. ಮದುವೆಯ ನಂತರದ ಒಂದೆರಡು ವರ್ಷ ಅವಳ ನೆನಪಿನಲ್ಲಿ ತೂತುಬಿದ್ದಂತಾಗಿತ್ತು. ಜ್ವರ ಬಂದಂದಿನಿಂದ ವಾರ್ಡಿನವರೆಗಿನದ್ದಂತೂ ಅಳಿಸಿಯೇ ಹೋಗಿತ್ತು. ಸಿಮ್ರಾನ ಮೊದಮೊದಲು ದೂರದಿಂದ ನೋಡುತ್ತಿತ್ತು, ಆಮೇಲೆ ತೊಡೆಯೇರಿತು. ತಟ್ಟೆಯ ವಿಷಯ ಯಾರೂ ಎತ್ತಬಾರದೆಂದು ಮಹಮೂದಾ ಓಣಿಗೆಲ್ಲ ತಾಕೀತು ಮಾಡಿದ್ದಳು. ಅವಳ ಬಾಯಿಗೆ ಹೆದರಿ ಓಣಿ ಬಹಳ ದಿನ ಬಾಯಿ ಮುಚ್ಚಿಕೊಂಡಿತ್ತು.

ಬೇನಜೀರ ದಲಾಲಿ ಅಂಗಡಿಗೆ ಅರ್ಧ ದಿನದ ಕೆಲಸಕ್ಕೆ ಹೋಗತೊಡಗಿದ ಮೇಲೆ ಅಲ್ಲಿ ಯಾರೋ ಬಾಯಿಬಿಟ್ಟರು. ಅಂದು ಅವಳು ಹೊತ್ತಿಗೆ ಮೊದಲೇ ಮನೆಗೆ ಬಂದು, ಅಕ್ಕಿ ಆರಿಸುತ್ತಿದ್ದ ಅತ್ತೆಯ ಎದುರು ಕೂತಳು.

“ಅಮ್ಮಿ, ನಾ ನಿಮಗ ಏನಂದಿದ್ದೆ?”

ಮಹಮೂದಾಳ ಕೈ ಮೊರದಲ್ಲೇ ನಿಂತಿತು. “ಯಾವ ಹಾಳಾದಾಕಿ ಹೇಳಿದ್ಲು ನಿಂಗ?”

“ಯಾರರ ಹೇಳ್ಲಿ. ಅಂದಿದ್ದೆ ಹೌದಲ್ಲೋ?”

“ಅಂದಿದ್ದಿ.”

“ಎಲ್ಲಾರ ಮುಂದ?”

“ಎಲ್ಲಾರ ಮುಂದ.”

ಬೇನಜೀರಳ ಕಣ್ಣು ತುಂಬಿದವು. “ನನಗ ಒಂಚೂರೂ ನೆನಪಿಲ್ಲ. ಮಾಫಿ ಕೇಳಬೇಕಂದ್ರೂ ಯಾವುದಕ್ಕ ಕೇಳಲಿ? ನಾ ಅಂದಿದ್ದು ಅಂತ ಅನಸೂದಾ ಇಲ್ಲ.”

“ನೀ ಅಂದಿಲ್ಲ. ಅದಕ್ಕ ಮಾಫಿನೂ ಬ್ಯಾಡ.”

“ಮತ್ತ ಹಂಗಾದ್ರ? ಡಾಕ್ಟರ್ ಹೇಳ್ಯಾರ, ಕೆಲವರಿಗೆ ಹೊಳ್ಳಿ ಬರತೈತಂತ.” ಅವಳು ಅತ್ತೆಯ ಮಣಿಕಟ್ಟು ಹಿಡಿದಳು. “ನಾ ಮತ್ತ ಹಂಗ ಅಂದ್ರ ನೀವು ಮೂಲ್ಯಾಗ ಕುಂದ್ರಬ್ಯಾಡ್ರಿ. ನಾ ಬೈದ್ರೂ ಹೊಡದ್ರೂ ಎಳಕೊಂಡು ಹಾವೇರಿಗೆ ಒಯ್ರಿ. ಅಬ್ಬಾ ಬಂದು ಕರದ್ರೂ ಕಳಸಬ್ಯಾಡ್ರಿ. ಮಾತು ಕೊಡ್ರಿ.”

“ಕೊಟ್ಟೆ.” ಮಹಮೂದಾ ಮೂಗು ಒರೆಸಿಕೊಂಡಳು. “ಖರೇ, ಒಂದ ಮಾತು. ನನ್ನ ಮ್ಯಾಲ ನಿಂಗ ನಿಜವಾಗಿ ಸಿಟ್ಟು ಬಂದ್ರ ಅದನ್ನೂ ಅನ್ನು. ಇಷ್ಟ ವರ್ಷ ನಕ್ಕೊಂತ ಹೋಗೀದಿ ನೀ. ಯಾವುದು ನಿನ್ನ ಮಾತು, ಯಾವುದು ಬ್ಯಾನಿ ಮಾತು ಅಂತ ನನಗ ಗೊತ್ತಾಗಬೇಕಲ್ಲ.”

ಬೇನಜೀರ ಅಳುತ್ತಲೇ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ, “ನೀವು ಸಿಮ್ರಾನಗ ಭಾಳ ಬೈತೀರಿ, ಅದು ನನಗ ಸೇರೂದಿಲ್ಲ,” ಎಂದಳು. ಮಹಮೂದಾಳಿಗೆ ಚುರ್ರೆಂದಿತು. ಆದರೆ ಕೇಳಿದವಳು ತಾನೇ ಆದ್ದರಿಂದ ಅಕ್ಕಿಯನ್ನು ಜೋರಾಗಿ ಕೇರಿದಳು, ಅಷ್ಟೇ.

ಮುಂದಿನ ತಪಾಸಣೆಗೆ ಅತ್ತೆ-ಸೊಸೆ ಇಬ್ಬರೇ ಹಾವೇರಿಗೆ ಹೋದರು. ಮೇಧಾ ಬೇನಜೀರಳ ಕೈಕಾಲು, ಕಣ್ಣು ನೋಡಿ, “ಮೂರು ಶಬ್ದ ಹೇಳ್ತೀನಿ, ಆಮ್ಯಾಲ ಕೇಳ್ತೀನಿ. ಹುಣಸಿಹಣ್ಣು, ರೈಲು, ಏಣಿ,” ಎಂದರು. ಬೇರೆ ಏನೇನೋ ಮಾತಾಡಿಸಿ, ಲೆಕ್ಕ ಮಾಡಿಸಿ, ಮತ್ತೆ ಕೇಳಿದರು.

“ಹುಣಸಿಹಣ್ಣು,” ಎಂದಳು ಬೇನಜೀರ. “ರೈಲು.” ಮುಂದೆ ನಿಂತಳು.

ಪಕ್ಕದಲ್ಲಿದ್ದ ಮಹಮೂದಾ ಕುರ್ಚಿಯ ತುದಿಗೆ ಬಂದಿದ್ದಳು. ಒಂದೊಂದೇ ಮೆಟ್ಟಿಲು ಹತ್ತುವಂತೆ ಅವಳ ಕೈಗಳು ತಾವಾಗಿಯೇ ಮೇಲೇರಿದವು.

“ಅಮ್ಮಾರ, ನೀವು ಹೇಳಿಕೊಡೂದಿದ್ರ ಹೊರಗ ಕೂಡಬೇಕಾಗ್ತದ,” ಎಂದು ಮೇಧಾ ನಕ್ಕರು. ಮಹಮೂದಾ ಕೈಗಳನ್ನು ತೊಡೆಯ ಕೆಳಗಿಟ್ಟು ಕೂತಳು. ಮೂರನೆಯದು ಬರಲಿಲ್ಲ. “ಇರ್ಲಿ. ಹೋದ ಸಲ ಒಂದೇ ಹೇಳಿದ್ರಿ, ಈಗ ಎರಡಾದ್ವು,” ಎಂದರು ಡಾಕ್ಟರು. ಔಷಧಿ ಇನ್ನೂ ಕೆಲವು ತಿಂಗಳು ಬಿಡುವಂತಿಲ್ಲ ಎಂದೂ ಹೇಳಿದರು.

ಬಸ್ಸಿನಲ್ಲಿ ಬೇನಜೀರ ಕಿಟಕಿಯ ಕಡೆ ಕೂತಿದ್ದಳು. ಮಹಮೂದಾ ಆ ಶಬ್ದವನ್ನು ನುಂಗಿಕೊಂಡು ಕೂತಿದ್ದಳು. ನಾಲಿಗೆಯ ತುದಿಗೆ ಬಂದದ್ದನ್ನು ಹೇಳದೆ ಇರುವುದು ಅವಳಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಸೊಸೆಯ ಎಡಗೈ ಸೀಟಿನ ಅಂಚಿನಲ್ಲಿತ್ತು. ಬಸ್ಸು ಕುಲುಕಿದಾಗ ಬೆರಳು ಅಲುಗಿದವು. ಬಸ್ಸಿನ ಕುಲುಕೇ ಹೌದೋ ಅಲ್ಲವೋ ಎಂದು ಮಹಮೂದಾ ಮತ್ತೆ ಮತ್ತೆ ನೋಡಿದಳು. ಇನ್ನು ಮುಂದೆ ಎಷ್ಟು ವರ್ಷ ಹೀಗೆ ಆ ಬೆರಳುಗಳನ್ನು ನೋಡುತ್ತಿರಬೇಕೋ ಅವಳಿಗೆ ತಿಳಿಯದು.

ಮೋಟೆಬೆನ್ನೂರಿನಲ್ಲಿ ಬಸ್ಸು ನಿಂತಿತು. ಒಂದಷ್ಟು ಜನ ಇಳಿದರು, ಒಂದಷ್ಟು ಜನ ಹತ್ತಿದರು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಬ್ಯಾಡಗಿಯ ಕಡೆ ಹೊರಳುತ್ತಿದ್ದಾಗ ಬೇನಜೀರ ತಟ್ಟನೆ ಅತ್ತೆಯ ತೋಳು ಹಿಡಿದಳು.

“ಏಣಿ!” ಎಂದಳು, ಬಸ್ಸಿನವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ.